ವಿಚಾರಿಸುವ ಪುಸ್ತಕ

೬ನೇ ತಾರೀಖು, ಭಾನುವಾರ
ಅಕ್ಕನ ಮನೆಯಿಂದ

ಕನ್ನಡಕದಂಗಡಿಯ ಯಜಮಾನರಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಬೇಜಾರು ಮಾಡಿಕೊಳ್ಳಿ, ಪರವಾಗಿಲ್ಲ.

ಹೇಳದೆ ಕೇಳದೆ ಮನೆ ಬಿಟ್ಟು ಯಾಕೆ ಬಂದೆನೆಂದು ಅಕ್ಕನಿಗೆ ಫೋನ್ ಮಾಡಿ ಕೇಳಿದಿರಂತೆ. ಹೇಳುತ್ತೇನೆ. ಕಳೆದ ಸೋಮವಾರ ನೀವು ಲೆನ್ಸ್ ತರಲು ಹೋದಾಗ ಅಂಗಡಿಯಲ್ಲಿ ನಾನು ಕೂತಿದ್ದೆನಲ್ಲ, ವಯಸ್ಸಾದ ಹೆಂಗಸೊಬ್ಬರು ತಮ್ಮ ಕನ್ನಡಕ ಕೇಳಿಕೊಂಡು ಬಂದರು. ರಸೀದಿ ಹುಡುಕಲು ಡ್ರಾಯರ್ ಎಳೆದರೆ ಸಿಕ್ಕಿದ್ದು ಗಿರಾಕಿಗಳ ಬಗ್ಗೆ ನೀವು ಬರೆದಿಡುವ ನೀಲಿ ಪುಸ್ತಕ. ಅವರ ಹೆಸರಿನ ಮುಂದೆ ಬರೆದಿದ್ದಿರಿ: ‘ಮೊಮ್ಮಗಳ ಕಿವಿನೋವು ವಿಚಾರಿಸು. ಕರಗುತ್ತಾರೆ.’ ಅಷ್ಟರಲ್ಲಿ ಅವರೇ, “ನಿಮ್ಮ ಯಜಮಾನ್ರು ಇಲ್ವಾ? ಹೆತ್ತ ಮಕ್ಕಳೂ ಅವರಷ್ಟು ವಿಚಾರಿಸಲ್ಲಮ್ಮ” ಎಂದು ಕಣ್ಣೊರೆಸಿಕೊಂಡರು. ನಾನು ಪುಸ್ತಕ ಮುಚ್ಚಿ, ಅವರ ಕನ್ನಡಕ ಹುಡುಕಿ ಕೊಟ್ಟೆ.

ಮದುವೆಗೆ ಮೊದಲು ನಾನೂ ನಿಮ್ಮ ಗಿರಾಕಿಯೇ ತಾನೇ, ಅವರು ಹೋದ ಮೇಲೆ ನನ್ನ ಪುಟ ಹುಡುಕಿದೆ. ಅದೂ ಇತ್ತು. ‘ಟೀಚರ್. ಒಂಟಿ. ಅಪ್ಪ ಹೋಗಿ ಆರು ತಿಂಗಳು. ಆ ಮಾತು ತೆಗೆದರೆ ಅರ್ಧ ಗಂಟೆ ಏಳುವುದಿಲ್ಲ. ದುಬಾರಿ ಫ್ರೇಮ್ ತೋರಿಸು.’ ಥೂ! ಅಪ್ಪ ಯಾವ ಹಾಡು ಗುನುಗುತ್ತಿದ್ದರು, ಸಿಟ್ಟು ಬಂದರೆ ಎಲ್ಲಿ ಹೋಗಿ ಕೂರುತ್ತಿದ್ದರು ಎಂದೆಲ್ಲ ನೀವು ಕೇಳಿದ್ದಕ್ಕೇ ಅಲ್ಲವೇ ನಾನು ಮರುಳಾಗಿದ್ದು? ನನ್ನ ಬಗ್ಗೆ ಇಷ್ಟು ಕುತೂಹಲವಿರುವ ಮನುಷ್ಯ ಇನ್ನೆಲ್ಲೂ ಸಿಗುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ, ಪೆದ್ದಿ.

ಆ ಬರಹದ ಕೆಳಗೆ ನಮ್ಮ ಮದುವೆಯ ತಾರೀಖು, ಅದರಡಿ ಸ್ಕೇಲಿಟ್ಟು ಎಳೆದ ಗೆರೆ. ಆಮೇಲಿನ ಒಂಬತ್ತು ವರ್ಷ ಖಾಲಿ. ಸರಿಯಾಗೇ ಇದೆ. ಈ ಒಂಬತ್ತು ವರ್ಷದಲ್ಲಿ ‘ಊಟ ಆಯ್ತಾ’ ಬಿಟ್ಟು ನೀವು ನನ್ನನ್ನು ಏನು ಕೇಳಿದ್ದೀರಿ? ನಾನು ಶಾಲೆ ಬದಲಿಸಿದ್ದು ನಿಮಗೆ ತಿಳಿದದ್ದು ಮೂರು ವಾರದ ಮೇಲೆ, ಅದೂ ಗಿರಾಕಿಯೊಬ್ಬರ ಬಾಯಿಂದ. ಮಾರಿದ ಮಾಲನ್ನು ಯಾರು ತಿರುಗಿ ನೋಡುತ್ತಾರೆ!

ಈಗ ವಾಪಸ್ ಬಾ ಎನ್ನುತ್ತಿದ್ದೀರಿ. ನಿಮ್ಮ ಬಾಯಲ್ಲಿ ‘ಹೇಗಿದ್ದೀಯ’ ಎಂಬ ಮಾತು ಬಂದರೂ ಮೈಗೆ ಲೋಳೆ ಮೆತ್ತಿದಂತಾಗುತ್ತದೆ. ನಾನು ಬರುವುದಿಲ್ಲ. ನನ್ನ ಬಟ್ಟೆಗಳನ್ನು ಕಳಿಸಿಕೊಡಿ.

ಇಂತಿ,
ನಿಮ್ಮ ಹಳೆಯ ಗಿರಾಕಿ

ತಾ.ಕ.: ಲಕೋಟೆ ಅಂಟಿಸುವಾಗ ಅಕ್ಕ ಸುಮ್ಮನಿರಲಾರದೆ, “ಅಲ್ವೇ, ನಿನ್ನ ಗಂಡನ ಎಡಗೈ ಮೇಲೆ ಅಷ್ಟುದ್ದ ಸುಟ್ಟ ಕಲೆ ಇದೆಯಲ್ಲ, ಅದು ಹೇಗಾಯ್ತು?” ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಒಂಬತ್ತು ವರ್ಷ ಆ ಕೈಮೇಲೆ ತಲೆಯಿಟ್ಟು ಮಲಗಿದ್ದೇನೆ, ಒಮ್ಮೆಯೂ ಕೇಳಿಲ್ಲ. ಈಗ ನನ್ನ ಮೇಲೆ ನನಗೇ ಹೇಸಿಗೆ. ಬಟ್ಟೆ ಕಳಿಸಲು ಅವಸರವಿಲ್ಲ. ಅದು ಹೇಗಾಯಿತೆಂದು ಬರೆಯಿರಿ.