ಮಹೇಕಳ ತಲೆಯ ಮೇಲಿನ ಆಣೆ

ಮಾತು ಬಿಟ್ಟ ಗೆಳತಿ ಮಹೇಕಳಿಗೆ,

ಬೆಳಗಾವಿಯ ಖಾಸಬಾಗದಿಂದ ಸಾಕ್ಷಿ ಬರೆಯುವುದು. ಹರಿದು ಬಿಸಾಡುವುದಿದ್ದರೆ ಓದಿದ ಮೇಲೆ ಹರಿ.

ಕ್ಷಮೆ ಕೇಳಲು ಬರೆಯುತ್ತಿಲ್ಲ. ಆ ದಿನ ಕಾಲೇಜಿನ ಮೆಟ್ಟಿಲ ಮೇಲೆ ನನ್ನ ಕೈ ಎಳೆದು ನಿನ್ನ ನೆತ್ತಿಯ ಮೇಲಿಟ್ಟುಕೊಂಡು, "ನನಗ ಬದುಕೋದ ಬ್ಯಾಡಾಗೇತಿ ಸಾಕ್ಷಿ. ಯಾರ ಮುಂದೂ ಹೇಳಂಗಿಲ್ಲ ಅಂತ ಆಣಿ ಮಾಡು" ಅಂದೆಯಲ್ಲ, ಹೆದರಿ ಹೂಂ ಅಂದುಬಿಟ್ಟೆ. ಆಣೆ ಮುರಿದರೆ ಯಾರ ತಲೆ ಮುಟ್ಟಿದ್ದೆವೋ ಅವರ ಜೀವಕ್ಕೇ ಕೇಡು ಎಂದು ನಮ್ಮಜ್ಜಿ ಸಂಗವ್ವ ಹೇಳುತ್ತಿದ್ದಳು. ಹೇಳಿದರೂ ನೀನು ಉಳಿಯುವುದಿಲ್ಲ, ಹೇಳದಿದ್ದರೂ ಉಳಿಯುವುದಿಲ್ಲ. ಆಟೋದಲ್ಲಿ ಕುಳಿತು ದಾರಿಯುದ್ದಕ್ಕೂ ಇದನ್ನೇ ಲೆಕ್ಕ ಹಾಕಿದೆ. ಕೊನೆಗೆ ಅಜ್ಜಿಯ ಮಾತನ್ನು ಗಾಳಿಗೆ ತೂರಿ ಆಟೋ ನಗರಕ್ಕೆ, ನಿಮ್ಮಪ್ಪ ಖಲೀಲ ಚಾಚಾನ ಗ್ಯಾರೇಜಿಗೇ ಹೋಗಿ ಎಲ್ಲ ಹೇಳಿಬಿಟ್ಟೆ.

"ಬ್ಯಾಸರಾಗೇತಿ ಅಂತಿದ್ಲು ಬೇಟಿ. ಖಾನಾಪುರಕ್ಕ ನಿನ್ನ ಖಾಲಾನ ಮನಿಗೆ ಹೋಗಿ ನಾಕ ದಿನ ಇದ್ದ ಬಾ ಅಂದೆ. ನನಗೇನ ಗೊತ್ತು, ಬ್ಯಾಸರ ಅಂದ್ರ ಇದು ಅಂತ?" ಎಂದು ಅವರು ಗ್ರೀಸು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತರು. ಮರುದಿನವೇ ನಿನ್ನನ್ನು ಮನೋವೈದ್ಯರ ಬಳಿ ಕರೆದೊಯ್ದರು. ನೀನು ನನಗೆ ಫೋನ್ ಹಚ್ಚಿ, "ಆಣಿ ಮುರದಿ. ನನ್ನ ಪಾಲಿಗೆ ನೀ ಸತ್ತಿ" ಅಂದೆ. ಆಮೇಲೆ ನಮ್ಮ ನಡುವೆ ಮಾತಿಲ್ಲ.

ಈಗ ಖಾನಾಪುರದಲ್ಲಿ ನಿನ್ನ ಚಿಕ್ಕಮ್ಮ ಆಯೆಷಾ ಖಾಲಾನ ಮನೆಯಲ್ಲಿದ್ದೀಯಂತೆ. ಗುಳಿಗೆ ತಪ್ಪಿಸುವುದಿಲ್ಲವಂತೆ, ವಾರಕ್ಕೊಮ್ಮೆ ಬೆಳಗಾವಿಗೆ ಬಂದು ಆಪ್ತಸಮಾಲೋಚಕಿಯ ಜೊತೆ ಮಾತಾಡಿ ಹೋಗುತ್ತೀಯಂತೆ. ಎಲ್ಲ ಚಾಚಾ ಹೇಳಿದ್ದು. ಇಲ್ಲಿಯವರೆಗೆ ಬಂದು ನನ್ನನ್ನು ನೋಡದೆ ಹೋಗುತ್ತೀಯಲ್ಲೇ! ನಿನ್ನ ಬಸ್ಸು ಬರುವ ದಾರಿಯಲ್ಲಿ ಸುಮ್ಮನೆ ನಿಲ್ಲಬೇಕೆನಿಸುತ್ತದೆ. ಮತ್ತೆ ಸಾಯುವ ಯೋಚನೆ ಬಂದರೆ ಯಾರಿಗೆ ಫೋನ್ ಹಚ್ಚುತ್ತೀ ಎಂದು ಆಪ್ತಸಮಾಲೋಚಕಿ ಕೇಳಿದಾಗ ಅಬ್ಬಾಗೆ, ಇಲ್ಲಾ ಖಾಲಾಗೆ ಅಂದೆಯಂತೆ. ನನ್ನ ಹೆಸರಿಲ್ಲ. ಕೇಳಿ ಹೊಟ್ಟೆ ಉರಿಯಿತು. ಆದರೆ ಹೇಳಿಕೊಳ್ಳಲು ಇಬ್ಬರಿದ್ದಾರಲ್ಲ ಎಂದು ಜೀವ ತಣ್ಣಗೂ ಆಯಿತು. ಮೊದಲು ನಾನೊಬ್ಬಳೇ ಇದ್ದೆ, ಅದೂ ಬಾಯಿ ಕಟ್ಟಿಸಿಕೊಂಡವಳು.

ಮೊನ್ನೆ ಆಕೆಯ ಬಳಿ ಚಾಚಾನ ಎದುರೇ ನನ್ನನ್ನು ಬಾಯಿಗೆ ಬಂದಂತೆ ಬೈದೆಯಂತೆ. ಕೇಳಿ ನಗುತ್ತಲೇ ಅತ್ತುಬಿಟ್ಟೆ. ಆ ದಿನಗಳಲ್ಲಿ ನಿನಗೆ ಸಿಟ್ಟು ಕೂಡ ಬರುತ್ತಿರಲಿಲ್ಲ ಮಹೇಕ. ನಿನ್ನ ಪಾಲಿನ ಮಿರ್ಚಿ ಭಜಿ ನಾನು ಕಸಿದು ತಿಂದರೂ ನೀನು ಸುಮ್ಮನೆ ಕೂತಿರುತ್ತಿದ್ದೆ.

ನಿನ್ನ ನೆನಪು ಬಹಳ ಬರುತ್ತದೆ. ಆದರೂ ಹೇಳುತ್ತೇನೆ, ಇನ್ನೊಮ್ಮೆ ಆಣೆ ಹಾಕಿಸಿದರೆ ಇನ್ನೊಮ್ಮೆ ಮುರಿಯುತ್ತೇನೆ.

ನೂರು ವರ್ಷ ಬಾಳು. ಬೇಕಾದರೆ ನೂರು ವರ್ಷವೂ ನನ್ನ ಜೊತೆ ಮಾತು ಬಿಡು.

ನಿನ್ನ ಪಾಲಿಗೆ ಸತ್ತ,
ಸಾಕ್ಷಿ