ಹಳದಿ ಕೊಡೆಯವಳು

ಮಂಗಳವಾರ, ಮಾರ್ಚ್ 3

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ತಮ್ಮನ ಹೆಂಡತಿ ಗುಬ್ಬಿ ಫೋನ್ ಮಾಡಿದ್ದಳು. ಬದುಕಿದ್ದಾಳೆ.

ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ಹಿಯರಿಂಗ್ ಟೆಸ್ಟಿನ ಹೆಡ್‌ಫೋನ್ ಒರೆಸುತ್ತಿದ್ದೆ. ಗೊತ್ತಿಲ್ಲದ ನಂಬರ್.

"ಅಕ್ಕ, ನಾನು. ಕೂಗ್ಬೇಡಿ."

"ಕೂಗಲ್ಲ. ಎಲ್ಲಿದ್ದೀಯ?"

"ಚೆನ್ನಾಗಿದ್ದೀನಿ. ನಾಲ್ಕು ದಿನ ಯಾರ ಕಣ್ಣಿಗೂ ಬೀಳದೆ ಇದ್ದು ಬರೋಣ ಅಂತ ಹೊರಟೆ. ಫೋನೂ ಬಿಟ್ಟು ಬಂದೆ. ಬಸ್ಸಲ್ಲಿ ಪಕ್ಕದವಳ ಫೋನ್ ನೋಡಿದ್ರೆ... ನಾನು ಸತ್ತೋಗಿದ್ದೀನಿ. ನಿಮ್ಮ ತಮ್ಮ ಕೊಂದಿದ್ದಾರೆ."

"ಹೇಳಿ ಹೋಗೋಕೆ ಏನಾಗಿತ್ತು?"

"ಹೇಳಿದ್ರೆ ಅವರೂ ಬ್ಯಾಗ್ ತುಂಬ್ಕೋತಿದ್ರು."

ನಿಜ. ತಮ್ಮ ಅಂಥವನೇ. ನಗು ಬಂತು, ಅಂಥ ಹೊತ್ತಿನಲ್ಲೂ.

ಯಾರಿಗೂ ಹೇಳಬೇಡಿ ಎಂದಳು, ಅವನಿಗೂ. ಸ್ವಲ್ಪ ದಿನ. ಆಗಲಿ ಎಂದೆ.

ಸಂಜೆ ಮನೆಗೆ ಬಂದು ಅವಳ ಬಗ್ಗೆ ಫೇಸ್‌ಬುಕ್ಕಿನಲ್ಲಿ ಶುರುವಾಗಿರುವ ಆ ಪೇಜ್ ತೆರೆದೆ. ಹೆಸರು 'ಹಳದಿ ಕೊಡೆ'. ಎರಡು ವಾರದ ಹಿಂದೆ, ಮನೆ ಬಿಟ್ಟ ದಿನ, ಗುಬ್ಬಿ ಹಳದಿ ಕೊಡೆ ಹಿಡಿದು ರಸ್ತೆ ದಾಟಿದ್ದು ಯಾವುದೋ ಅಂಗಡಿಯ ಕ್ಯಾಮೆರಾದಲ್ಲಿ ಸಿಕ್ಕಿತ್ತು. ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಈಗ ನಾಲ್ಕು ಲಕ್ಷ ಜನ. ಕೆರೆ ಅನ್ನುವವರು, ಗೋಣಿಚೀಲ ಅನ್ನುವವರು. ಟೀ ಆರುವವರೆಗೂ ಓದಿದೆ. ಒಬ್ಬರಿಗೂ ಗೊತ್ತಿಲ್ಲ, ನನಗೆ ಮಾತ್ರ ಗೊತ್ತು — ಇದು ನಿಜವಾಗಿ ಬಿಡಬೇಕೆಂದಿದ್ದ ಸಾಲು — ಒಳಗೊಳಗೇ ಹಿತವಾಯಿತು. ನಾನು ಎಂಥವಳು?

ಬುಧವಾರ, ಮಾರ್ಚ್ 4

ಇಂದು ಒಬ್ಬ ಅಜ್ಜಿ. ಶಬ್ದ ಕೇಳಿದಾಗ ಬಟನ್ ಒತ್ತಿ ಎಂದಿದ್ದೆ. ನಾನಿನ್ನೂ ಶಬ್ದವನ್ನೇ ಹಾಕಿರಲಿಲ್ಲ, ಅಜ್ಜಿ ಒತ್ತುತ್ತಲೇ ಇದ್ದರು. ಸುಳ್ಳು ಹೇಳುವುದಲ್ಲ ಅದು. ಅಷ್ಟು ಆಸೆಯಿಂದ ಕಾದರೆ ಕೇಳಿಸಿಯೇಬಿಡುತ್ತದೆ. ಇಂಥ ಹೊತ್ತಲ್ಲಿ ಟೆಸ್ಟ್ ನಿಲ್ಲಿಸಿ, ಒಂದು ಲೋಟ ನೀರು ಕೊಟ್ಟು, ಮೊದಲಿಂದ ಶುರು ಮಾಡಬೇಕು.

ನೀರು ಕುಡಿಯುತ್ತಾ ಅಜ್ಜಿ, "ಆ ಕೊಡೆ ಹುಡುಗಿ ವಿಷಯ ನೋಡಿದ್ಯೇನಮ್ಮ?"

"ಸ್ವಲ್ಪ."

"ಗಂಡನೇ. ಕಣ್ಣಲ್ಲಿ ಒಂದು ಹನಿ ಇಲ್ಲ. ಅವನು ಮಾತಾಡಿರೋ ವಿಡಿಯೋದಲ್ಲಿ ದನಿ ಕೇಳಿದ್ರೇ ಗೊತ್ತಾಗುತ್ತೆ."

"ನಿಂಗೆ ದನಿ ಕೇಳಿಸ್ತಾ?" ಜೊತೆಗೆ ಬಂದಿದ್ದ ಮಗಳು.

"ಅಂಥದ್ದೆಲ್ಲ ಕೇಳಿಸುತ್ತೆ ಬಿಡೇ."

ಎಲ್ಲರೂ ನಕ್ಕೆವು. ನಾನೂ. ಅವನು ನನ್ನ ತಮ್ಮ ಎನ್ನಲಿಲ್ಲ. ರಿಪೋರ್ಟ್ ಬರೆದು ಕೊಟ್ಟೆ.

ಶನಿವಾರ, ಮಾರ್ಚ್ 7

ತಮ್ಮನದು ಸೋಫಾ ರಿಪೇರಿ ಅಂಗಡಿ. ಯಾರೋ ಕಾಮೆಂಟ್ ಹಾಕಿದ್ದರು: 'ಹೊಟ್ಟೆ ಸೀಳಿ, ತುಂಬಿ, ಹೊಲಿಯೋದೇ ಇವನ ಕಸುಬು. ಸ್ವಲ್ಪ ಯೋಚಿಸಿ.' ಯೋಚಿಸಿದವರು ಬಹಳ.

ನಾನು ಅಂಗಡಿಯಲ್ಲಿದ್ದಾಗಲೇ ಗಂಡ ಹೆಂಡತಿ ಟೆಂಪೋದಲ್ಲಿ ಸೋಫಾ ಹೇರಿಕೊಂಡು ಬಂದರು. ಹೋದ ತಿಂಗಳು ಅವನೇ ಮಾಡಿಕೊಟ್ಟಿದ್ದು.

"ತಪ್ಪು ತಿಳ್ಕೋಬೇಡಿ," ಎಂದ ಗಂಡ. "ಇವಳಿಗೆ ಅದರ ಮೇಲೆ ಕೂರೋಕೇ ಆಗ್ತಿಲ್ಲ. ಒಂದ್ಸಲ ಬಿಚ್ಚಿ ತೋರಿಸಿಬಿಡಿ."

ತಮ್ಮ ವಾದ ಮಾಡಲಿಲ್ಲ. ಸೋಫಾ ಮಗುಚಿ, ತಳದ ಬಟ್ಟೆ ಕೊಯ್ದು ತೋರಿಸಿದ. ಸ್ಪ್ರಿಂಗು, ಫೋಮು, ಮಕ್ಕಳದೊಂದು ಪೆನ್ಸಿಲ್. ಪೆನ್ಸಿಲನ್ನು ಆಕೆಯ ಕೈಗೇ ಕೊಟ್ಟ. ಆಕೆಯ ಮುಖ ಸ್ವಲ್ಪ ಪೆಚ್ಚಾಯಿತು. ಸಮಾಧಾನವಾಗಬೇಕಿತ್ತು...

ಅವರು ಹೊರಗೆ ನಿಂತರು. ತಮ್ಮ ಬಾಯಲ್ಲಿ ಮೊಳೆ ಕಚ್ಚಿಕೊಂಡು ಮತ್ತೆ ಬಟ್ಟೆ ಬಡಿಯತೊಡಗಿದ. ನೋಡಲಾಗಲಿಲ್ಲ.

"ಅವಳು ಬದುಕಿದ್ದಾಳೆ ಕಣೋ. ಫೋನ್ ಮಾಡಿದ್ಲು."

ಸುತ್ತಿಗೆ ಕೆಳಗಿಟ್ಟ. ಬಾಯಲ್ಲಿದ್ದ ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡ.

"ಯಾವಾಗ?"

"ಮಂಗಳವಾರ."

"ಇವತ್ತು ಶನಿವಾರ ಅಕ್ಕ."

ಮಾತು ಕೊಟ್ಟಿದ್ದೆ ಎಂದೆ. ಅದು ಅರ್ಧ ನಿಜ.

ಮೊಳೆಗಳನ್ನು ಡಬ್ಬಿಗೆ ಹಾಕಿದ. ಆಮೇಲೆ, "ನನ್ನಿಂದ ಹೋದ್ಲಾ?"

"ಹೇಳಿದ್ರೆ ನೀನೂ ಜೊತೆಗೆ ಹೊರಡ್ತೀಯ ಅಂತ ಹೇಳ್ಲಿಲ್ವಂತೆ."

"ಹೊರಡ್ತಿದ್ದೆ," ಎಂದ.

ಪೇಜಿನಲ್ಲಿ ಹಾಕಿಬಿಡಲೇ ಎಂದು ಕೇಳಿದೆ. ಬೇಡವಂತೆ. "ಸತ್ಲು ಅಂತ ಅಳ್ತಿರೋ ಜನ, ಇದ್ದಾಳೆ ಅಂದ್ರೆ ಉಗೀತಾರೆ. ನಂಗೆ ಹೇಗೂ ಅಭ್ಯಾಸ ಆಗಿದೆ."

ಬುಧವಾರ, ಮಾರ್ಚ್ 11

ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ಪೇಜಿನಲ್ಲಿ ಕರೆ ಬಂದಿದೆ. ಭಾನುವಾರ ಬೆಳಿಗ್ಗೆ ಎಲ್ಲರೂ ಹಳದಿ ಕೊಡೆ ಹಿಡಿದು ತಮ್ಮನ ಅಂಗಡಿ ಮುಂದೆ ಸೇರಬೇಕಂತೆ. ಸಾವಿರಾರು ಜನ 'ಬರ್ತೀವಿ' ಒತ್ತಿದ್ದಾರೆ. ಪೆಟ್ರೋಲಿನ ಮಾತಾಡಿದವನೂ ಒಬ್ಬ. ತಮಾಷೆಗೆ ಇರಬಹುದು... ತಮ್ಮ ಗಿರಾಕಿಗಳ ಸೋಫಾಗಳನ್ನೆಲ್ಲ ಬೇರೆ ಕಡೆ ಸಾಗಿಸುತ್ತಿದ್ದಾನೆ.

ಸ್ಟೇಷನ್ನಿಗೆ ಹೋದೆ. ಇನ್ಸ್‌ಪೆಕ್ಟರಿಗೆ ಆಗಲೇ ಗೊತ್ತು. ಗುಬ್ಬಿ ಸೋಮವಾರ ತಾನಿರುವಲ್ಲೇ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬರೆದುಕೊಟ್ಟಿದ್ದಾಳೆ.

"ಜನಕ್ಕೆ ಹೇಳ್ಬೋದಲ್ಲ ಸರ್?"

"ನಿನ್ನೇನೇ ಹೇಳಿದ್ವಿ ಮೇಡಂ. ಪೊಲೀಸ್ರು ದುಡ್ಡು ತಿಂದು ಮುಚ್ಚಾಕ್ತಿದ್ದಾರೆ ಅಂತ ಕಾಮೆಂಟ್ ಬಂತು. ಭಾನುವಾರಕ್ಕೆ ಇಬ್ರು ಕಾನ್‌ಸ್ಟೇಬಲ್ ಕೊಡ್ತೀನಿ. ಮನೆಯವರೇ ಹೇಳಿದ್ರೆ ಕೇಳ್ತಾರೇನೋ."

ಇಬ್ಬರು.

ಸಂಜೆ ಅಂಗಡಿಯಲ್ಲಿದ್ದಾಗ ಗುಬ್ಬಿಯ ಫೋನ್ ಬಂತು. ಭಾನುವಾರದ್ದು ಹೇಳಿದೆ.

"ಹಾಕಿ ಅಕ್ಕ. ನನ್ನ ದನಿ ರೆಕಾರ್ಡ್ ಮಾಡಿ ಕಳಿಸ್ತೀನಿ. ಆದ್ರೆ ಇಲ್ಲೂ ಒಬ್ಳು ನನ್ನನ್ನೇ ದಿಟ್ಟಿಸ್ತಿರ್ತಾಳೆ. ಶುಕ್ರವಾರ ರೂಮ್ ಬದಲಾಯಿಸ್ತೀನಿ. ಅಲ್ಲಿವರೆಗೆ ಬೇಡ."

"ವಾಪಸ್ ಬರ್ತೀಯಾ?"

"ಗೊತ್ತಿಲ್ಲ. ಅವರಿಗೆ ಕೊಡಿ."

ತಮ್ಮನಿಗೆ ಕೊಟ್ಟು ಹೊರಗೆ ಬಂದು, ಷಟರ್ ಅರ್ಧ ಎಳೆದು ನಿಂತೆ. ಏನು ಮಾತಾಡಿದರೋ. ಕೇಳಿಸಿಕೊಳ್ಳಬೇಕೆನಿಸಲಿಲ್ಲ.

ಗುರುವಾರ, ಮಾರ್ಚ್ 12, ಸಂಜೆ 6

ರೆಕಾರ್ಡಿಂಗ್ ಬಂತು. ಚಿಕ್ಕದು. ಅದರ ಮೇಲೆ ನಾನು ಏನು ಬರೆಯಲಿ? ಮೊದಲು ಇಂಗ್ಲಿಷಿನಲ್ಲೇ ಬಂತು, ಸ್ಕೂಲಿನ ಅಭ್ಯಾಸ. ಆಫೀಸಿನ ನೋಟಿಸಿನ ಹಾಗಿತ್ತು. ಅಳಿಸಿದೆ. ಕನ್ನಡದಲ್ಲಿ ಬರೆದದ್ದು 'ದಯವಿಟ್ಟು ಕ್ಷಮಿಸಿ' ಎಂದು ಶುರುವಾಗಿತ್ತು. ತಮ್ಮ ಓದಿ, "ಯಾರು ಯಾರನ್ನ?" ಎಂದ. ಅದನ್ನೂ ತೆಗೆದೆ.

ಉಳಿದದ್ದು ಇಷ್ಟು:

ನನ್ನ ತಮ್ಮನ ಹೆಂಡತಿ ಬದುಕಿದ್ದಾಳೆ. ತಾನಾಗಿಯೇ ಹೋದಳು. ಎಲ್ಲಿದ್ದಾಳೆಂದು ಹೇಳುವುದಿಲ್ಲ. ಮೂರನೇ ತಾರೀಖಿನಿಂದ ನನಗೆ ಗೊತ್ತಿತ್ತು, ತಮ್ಮನಿಗೆ ಗೊತ್ತಿರಲಿಲ್ಲ.

"ಕೊನೇದು ಯಾಕೆ? ನಿನ್ನ ಮೇಲೆ ಬೀಳ್ತಾರೆ."

"ಬೀಳಲಿ. ಭಾನುವಾರ ನಿನ್ನ ಅಂಗಡಿ ಮುಂದೆ ಬರೋ ಬದಲು ನನ್ನನ್ನೇ ಬೈಕೊಂಡು ಮನೇಲೇ ಕೂತಿರ್ತಾರೆ."

"ನೀನು ಸುಮ್ನಿರಲ್ಲ," ಎಂದ. ಆ ಸಾಲನ್ನು ನಾನು ಅಳಿಸಲಿಲ್ಲ. ಇಲ್ಲಿಯವರೆಗೆ ಒಂದು ಪೋಸ್ಟೂ ಹಾಕಿದವಳಲ್ಲ ನಾನು. ನನ್ನದೇ ಹೆಸರಿನಲ್ಲಿ, ನನ್ನದೇ ಫೋಟೋ ಇಟ್ಟು ಹಾಕಬೇಕು. ನಾಳೆ ಅವಳು ರೂಮ್ ಬದಲಾಯಿಸಲಿ. ಅದಾದ ಮೇಲೆ, ಶನಿವಾರ ಬೆಳಿಗ್ಗೆ, ಪೋಸ್ಟ್ ಬಟನ್ ಒತ್ತುತ್ತೇನೆ.