ಹುಳುಮನೆಯ ಹೊಸ್ತಿಲು

ಮಾಸ್ತಿ ಊರಿನಿಂದ

ರಾಯಲ್ಪಾಡಿನ ಚಿಕ್ಕವೆಂಕಟಪ್ಪಣ್ಣನಿಗೆ ತಂಗಿ ಬಚ್ಚಮ್ಮನ ನಮಸ್ಕಾರ.

ನೀನು ಕೊಟ್ಟು ಕಳಿಸಿದ ಹೊಗೆಸೊಪ್ಪು ತಲುಪಿತು. ತಿಪ್ಪೆಗೆ ಹಾಕಿದೆ, ಬೇಜಾರು ಮಾಡಿಕೊಳ್ಳಬೇಡ.

ಸೊಸೆ ಶ್ಯಾಮಲಾ ತರಬೇತಿ ಪಡೆದು ಬಂದು ರೇಷ್ಮೆಹುಳು ಸಾಕುತ್ತಿದ್ದಾಳೆ. ಹಿಪ್ಪುನೇರಳೆ ಸೊಪ್ಪು ಹಾಕಲು ಹೋದ ನನ್ನನ್ನು ಹುಳುಮನೆ ಬಾಗಿಲಲ್ಲೇ ನಿಲ್ಲಿಸಿದಳು. "ಹೊಗೆಸೊಪ್ಪು ಮುಟ್ಟಿದ ಕೈ ತಾಕಿದ್ರೆ ಹುಳ ಸಾಯ್ತವೆ ಅತ್ತೆ, ನೀವು ಆಚೆನೇ ಇರಿ" ಅಂದಳು. ನನ್ನ ಮನೆಯಲ್ಲಿ ನಾನೇ ಹೊಸ್ತಿಲಾಚೆ. ಡಾಕ್ಟರು ಹೇಳಿದಾಗ ಬಿಡದವಳು ಆ ಕೋಪಕ್ಕೇ ಬಿಟ್ಟೆ. ಬಾಯಿ ಸುಮ್ಮನಿರದಿದ್ದರೆ ಹುರಿಗಡಲೆ ಹಾಕಿಕೊಳ್ಳುತ್ತೇನೆ. ಈಗ ಬೆಳಗಿನ ಸೊಪ್ಪು ಹಾಕುವುದು ನಾನೇ. ಹುಳುಗಳ ಹಸಿವು ನೋಡಿದರೇ ಗೊತ್ತಾಗುತ್ತದೆ.

ಮುಂದಿನ ವಾರ ಹುಳುಗಳು ಹಣ್ಣಾಗುತ್ತವೆ. ಅವನ್ನು ಆರಿಸಿ, ಗೂಡು ಕಟ್ಟಲು ಚಂದ್ರಿಕೆಯ ಬಿದಿರು ತಟ್ಟೆಗೆ ಬಿಡಬೇಕು. ಆಳು ಸಾಲದು, ನೀನು ಬಾ. ಆದರೆ ಇವತ್ತಿನಿಂದಲೇ ಹೊಗೆಸೊಪ್ಪು ಬಿಟ್ಟಿರಬೇಕು. ಬಾಗಿಲಲ್ಲಿ ಕೈ ಮೂಸಿ ನೋಡುವವಳು ಈಗ ನಾನು.

ಬರುವಾಗ ಕೋಲಾರದಲ್ಲಿ ಇಳಿದು ಆಸ್ಪತ್ರೆಗೆ ಹೋಗು. ಮೆಣಸಿನಕಾಯಿ ತಿಂದು ಆಯಿತು ಎನ್ನುತ್ತೀಯಲ್ಲ, ಆ ಬಾಯಿಹುಣ್ಣು ತೋರಿಸು. ಎರಡು ಹಬ್ಬ ಕಳೆದರೂ ಅದು ಮಾಗಿಲ್ಲ.

ತಂಗಿಯ ಮಾತಿಗೆ ಬಿಡುವವನಲ್ಲ ನೀನು. ಊರಲ್ಲಿ ಕೇಳಿದರೆ ಹುಳುಗಳಿಗೋಸ್ಕರ ಬಿಟ್ಟೆ ಅಂತಲೇ ಹೇಳು.

ಬಾಗಿಲಲ್ಲಿ ಕಾಯುತ್ತಿರುವ,
ಬಚ್ಚಮ್ಮ